ಯಕ್ಸಂಬೆಯ ಮಲ್ಲನೂ ವಿಜಯಪುರ ಸೀಮೆಯ ಗರಡಿಯೂ

ಅರಸರ ಚರಿತ್ರೆಗೆ ಶಾಸನಗಳೂ ದಫ್ತರಗಳೂ ಆಧಾರವಾಗಿ ದೊರೆಯುತ್ತವೆ. ಮೈಬಲವನ್ನೇ ಬಂಡವಾಳವಾಗಿ ಉಳ್ಳ ಮಲ್ಲನ ಚರಿತ್ರೆಗೆ ಅಂತಹ ಆಧಾರಗಳು ವಿರಳ. ಭೀಮೆಯ ಕಡೆಯ ಇಂಡಿ, ಸಿಂದಗಿ ಹಾಗೂ ಕೃಷ್ಣೆಯ ಕಡೆಯ ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಗರಡಿಮನೆಗಳಿಗೂ ಜಾತ್ರೆಯ ಕುಸ್ತಿಗೂ ಕೊರತೆಯಿರಲಿಲ್ಲ. ಆದರೂ ಕುಸ್ತಿಯನ್ನೇ ವೃತ್ತಿಯಾಗಿ ಹಿಡಿಯಬಯಸಿದವನಿಗೆ ಊರು ಬಿಡುವುದು ಅನಿವಾರ್ಯವಾಗುತ್ತಿದ್ದುದೇಕೆ? ಆಗಿನ ಮುಂಬಯಿ ಕರ್ನಾಟಕದ ಇನ್ನೊಂದು ಅಂಚಿನಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರ ಜೀವನವನ್ನು ಪರಿಶೀಲಿಸಿದರೆ ಈ ಪ್ರಶ್ನೆಗೆ ಉತ್ತರ ದೊರೆಯುವುದು.

ಖಂಚನಾಳೆಯವರು 1934ರಲ್ಲಿ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಯಕ್ಸಂಬೆಯಲ್ಲಿ ಜನಿಸಿದರು. ಕೊಲ್ಹಾಪುರ ಸಂಸ್ಥಾನದ ರಾಜಧಾನಿ ಅಲ್ಲಿಗೆ ಸಮೀಪವಾಗಿದ್ದಿತು. 1894ರಿಂದ 1922ರವರೆಗೆ ಆಳಿದ ಶಾಹು ಮಹಾರಾಜರು ಮಲ್ಲರಿಗೆ ಆಶ್ರಯವಿತ್ತು, ಉತ್ತರದ ಪೈಲವಾನರನ್ನೂ ಬರಮಾಡಿಕೊಂಡು, ಖಾಸಬಾಗ ಕುಸ್ತಿ ಮೈದಾನವನ್ನು ಕಟ್ಟಿಸಿದರು. ಅದು 1912ರಲ್ಲಿ ಪೂರ್ಣಗೊಂಡಿತು. ಗಡಿಸೀಮೆಯ ಕನ್ನಡ ತರುಣರಿಗೂ ಅಲ್ಲಿಯ ತಾಲೀಮುಗಳ ಬಾಗಿಲು ತೆರೆದೇ ಇದ್ದಿತು.

ಈ ಆಶ್ರಯದ ಬೆಲೆಯನ್ನು ಅರಿಯಬೇಕಾದರೆ ಪೈಲವಾನನ ದಿನಚರಿಯನ್ನು ನೋಡಬೇಕು. ನಸುಕಿನಲ್ಲೇ ಎದ್ದು ದಂಡ, ಬಸ್ಕಿ, ಬಳಿಕ ಮಟ್ಟಿಯಲ್ಲಿ ಪಟ್ಟುಗಳ ಅಭ್ಯಾಸ, ಹಾಲು, ತುಪ್ಪ, ಬಾದಾಮಿಗಳ ಖುರಾಕು, ಮಧ್ಯಾಹ್ನ ವಿಶ್ರಾಂತಿ. ಇಂತಹವನು ಮನೆಯ ಕಣಜದಿಂದ ಕಳೆಯುವನೇ ಹೊರತು ಅದಕ್ಕೆ ಕೂಡಿಸಲಾರನು. ಮಳೆಯನ್ನೇ ನಂಬಿದ ಜೋಳದ ಸೀಮೆಯ ಒಕ್ಕಲು ಮನೆತನಕ್ಕೆ ಈ ಭಾರ ಹೊರಲಸಾಧ್ಯ. ಜಾತ್ರೆಯ ಕಣದಲ್ಲಿ ಹುಡುಗರಿಗೆ ತೆಂಗಿನಕಾಯಿಯೂ, ನುರಿತವರಿಗೆ ಬೆಳ್ಳಿಯ ಕಡೆಯೂ ಇನಾಮಿನ ಹಣವೂ ದೊರೆಯುತ್ತಿದ್ದುದು ನಿಜ. ಅದು ಗೌರವವೇ ಆಗಿತ್ತು, ವರ್ಷದ ಅನ್ನವಾಗಿರಲಿಲ್ಲ. ಆದುದರಿಂದ ಜಾತ್ರೆ ಮುಗಿದೊಡನೆ ಜಟ್ಟಿಯು ಮತ್ತೆ ನೇಗಿಲು ಹಿಡಿಯಬೇಕಾಗುತ್ತಿತ್ತು.

1949ರಲ್ಲಿ ಕೊಲ್ಹಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ರಾಜಾಶ್ರಯ ಸಡಿಲಿದ ಪರಿಣಾಮವು ಬಹು ಬೇಗ ಕಂಡುಬಂದಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೊರಟ ಖಾಶಾಬಾ ಜಾಧವರಿಗೆ ಕಾಲೇಜಿನ ಪ್ರಾಚಾರ್ಯರೊಬ್ಬರು ತಮ್ಮ ಮನೆಯನ್ನೇ ಒತ್ತೆಯಿಟ್ಟು ಹಣ ಒದಗಿಸಬೇಕಾಯಿತು. ಜಾಧವರು ಕಂಚಿನ ಪದಕದೊಡನೆ ಮರಳಿದರು. ಆದರೆ ತಾಲೀಮುಗಳೂ ಅವುಗಳ ವಸ್ತಾದರೂ ಉಳಿದಿದ್ದರು. ಆ ಪರಂಪರೆಯಲ್ಲಿಯೇ ಪಳಗಿದ ಖಂಚನಾಳೆಯವರು 1959ರಲ್ಲಿ ದಿಲ್ಲಿಯಲ್ಲಿ ಪಂಜಾಬದ ಬಂತಾಸಿಂಗರನ್ನು ಸೋಲಿಸಿ ಹಿಂದ್ ಕೇಸರಿ ಬಿರುದನ್ನು ಪಡೆದರು.

ಅಷ್ಟರಲ್ಲಿ ರಾಜ್ಯಗಳ ಗಡಿ ಬದಲಾಗಿತ್ತು. 1956ರ ನವೆಂಬರ್ 1ರಂದು ಬೆಳಗಾವಿ, ವಿಜಾಪುರ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಕೊಲ್ಹಾಪುರವು ಮುಂಬಯಿ ರಾಜ್ಯದಲ್ಲಿ ಉಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಹುಟ್ಟಿದ ನೆಲವೊಂದು, ಬೆಳೆಸಿದ ನೆಲವೊಂದು ಆಗಿ, ಖಂಚನಾಳೆಯವರ ಕೀರ್ತಿಯು ಬಹುಮಟ್ಟಿಗೆ ಮಹಾರಾಷ್ಟ್ರದ ಲೆಕ್ಕಕ್ಕೆ ಸಂದಿತು. ಅವರು 2020ರ ಡಿಸೆಂಬರ್ 14ರಂದು ಕೊಲ್ಹಾಪುರದಲ್ಲಿಯೇ ನಿಧನರಾದರು.

ಇದರಲ್ಲಿ ಅನ್ಯಾಯವನ್ನು ಕಾಣಬೇಕಾಗಿಲ್ಲ. ಮಲ್ಲನನ್ನು ಹೆರುವುದು ಹಳ್ಳಿ, ಸಾಕುವುದು ಆಶ್ರಯ. ಕೀರ್ತಿಯು ಸಾಕಿದವರ ಮನೆಯಲ್ಲಿ ನಿಲ್ಲುವುದು ಸಹಜ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಚರಿತ್ರೆಯನ್ನು ಬರೆಯುವವರು ಬಿರುದುಗಳ ಪಟ್ಟಿಯಿಂದಲೇ ಆ ಸೀಮೆಯ ಬಲವನ್ನು ಅಳೆದರೆ ತಪ್ಪಾದೀತು. ಅಲ್ಲಿ ಕೊರತೆಯಾದುದು ತೋಳಿನ ಕಸುವಲ್ಲ, ತರುಣನೊಬ್ಬನನ್ನು ವರ್ಷವಿಡೀ ಹೊಲದಿಂದ ಬಿಡಿಸಿ ಗರಡಿಯಲ್ಲಿ ನಿಲ್ಲಿಸುವಷ್ಟು ಕಾಳು.