ಹೊಳೆಯ ಮೀನು, ಕೆರೆಯ ನೀರು

ನಮ್ಮ ಕಡೆಯ ಪಟ್ಟಣಗಳಲ್ಲಿ ಭಾನುವಾರ ಮೀನು ಕೊಳ್ಳಲು ಹೋದರೆ, ಮಾರುವಾಕೆ "ಕೆರೆ ಮೀನು ಕಣಮ್ಮ, ಬೆಳಿಗ್ಗೆ ತಾನೇ ಹಿಡಿದದ್ದು" ಎಂದು ಕಾಟ್ಲ, ರೋಹು, ಮೃಗಾಲ್‌ಗಳನ್ನು ತೋರಿಸುತ್ತಾಳೆ. ಹಿಡಿದದ್ದು ಕೆರೆಯಲ್ಲೇ, ಸುಳ್ಳೇನಲ್ಲ. ಆದರೆ ಈ ಮೂರೂ ಹುಟ್ಟುಗುಣದಿಂದ ಹರಿವ ಹೊಳೆಯ ಮೀನುಗಳು. ಗಂಗೆ, ಬ್ರಹ್ಮಪುತ್ರೆಗಳು ಇವುಗಳ ದೊಡ್ಡ ತವರು. ಕಾವೇರಿ ಬಯಲಿಗೆ ಇವು ಹೊರಗಿನಿಂದ ಬಂದವು. ತವರು ಬಿಟ್ಟು ಬಂದು ಇನ್ನೊಂದು ನೀರಿಗೆ ಹೊಂದಿಕೊಂಡ ಇವುಗಳ ಕಥೆ ನಮ್ಮಂಥ ಹೆಣ್ಣುಮಕ್ಕಳಿಗೆ ತೀರ ಅಪರಿಚಿತವೇನಲ್ಲ.

ಕನ್ನಡ ನಾಡಿಗೆ ಮೀನಿನ ವಿಚಾರ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಮೀನಿನ ಜಾತಿಗಳು, ಅವಕ್ಕೆ ಹಾಕುವ ಮೇವು, ಗಾಳ ಹಾಕುವ ಬಗೆ ಎಲ್ಲವನ್ನೂ ಅಲ್ಲಿ ಹೇಳಿದೆ. ಅದು ಅರಸರ ವಿನೋದದ ಮಾತಾಯಿತು. ನಮ್ಮ ಹಳ್ಳಿಗರು ಕೆರೆ ಕಟ್ಟಿದ್ದು ಗದ್ದೆಗಾಗಿ, ದನಕರುಗಳಿಗಾಗಿ. ಮೀನು ಅಲ್ಲಿಗೆ ತಾನಾಗಿಯೇ ಬಂತು. ಹಳ್ಳದ ನೀರಿನ ಜೊತೆ ಪಕ್ಕೆ, ಗಿರ್ಲು, ಕೊರವ, ಚೇಳುಮೀನುಗಳು ಸೇರಿಕೊಂಡು, ಕೆರೆಯಂಗಳದ ಜೊಂಡಿನ ನಡುವೆ ಮೊಟ್ಟೆಯಿಟ್ಟು ಸಂಸಾರ ಬೆಳೆಸಿದವು. ಯಾರೂ ಬಿತ್ತಲಿಲ್ಲ, ಯಾರೂ ಸಾಕಲಿಲ್ಲ. ನಾನು ಬೆಳೆದ ಬಯಲುಸೀಮೆಯ ಊರಿನಲ್ಲಿ ಬೇಸಿಗೆಯಲ್ಲಿ ನೀರು ಇಳಿದಾಗ, ಕೂಲಿಯಿಲ್ಲದ ಹೆಂಗಸರು ಹಳೆಯ ಸೀರೆಯ ಎರಡು ತುದಿ ಹಿಡಿದು ಸಣ್ಣ ಮೀನು ಗೋರುತ್ತಿದ್ದರು. ಅಂದಿನ ಮುದ್ದೆಗೆ ಅದೇ ಸಾರು.

ಹೊಳೆಯ ಮೀನುಗಳು ಹೀಗೆ ಕೆರೆಯಲ್ಲಿ ಸಂಸಾರ ಹೂಡುವುದಿಲ್ಲ. ನಿಂತ ನೀರಿನಲ್ಲಿ ಚೆನ್ನಾಗಿ ಮೇಯುತ್ತವೆ, ಬೆಳೆಯುತ್ತವೆ, ಹೊಟ್ಟೆಯಲ್ಲಿ ಮೊಟ್ಟೆಯೂ ತುಂಬುತ್ತದೆ. ಇಡುವುದು ಮಾತ್ರ ಇಲ್ಲ. ಅದಕ್ಕೆ ಮುಂಗಾರಿನ ಹೊಸ ನೀರು, ಪ್ರವಾಹದ ಸೆಳೆತ, ದಡ ಮೀರಿ ಹರಡಿದ ತೆಳು ನೀರು ಬೇಕು. ಮಲೆನಾಡಿನ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರಿಬರುವ ಹತ್ತುಮೀನನ್ನು ಅವರು ಕಂಡವರೇ. ಹರಿವಿನ ಸುಳಿವು ಸಿಗದಿದ್ದರೆ ಹೊಳೆಮೀನಿನ ಮೈ ಹೆರಿಗೆಗೆ ಒಪ್ಪುವುದಿಲ್ಲ.

ಹಾಗಾಗಿ ಕೆರೆಯಲ್ಲಿ ಇವನ್ನು ಸಾಕಬೇಕೆಂದವರು ವರ್ಷವರ್ಷವೂ ಮರಿಗಳನ್ನು ತಂದು ಬಿಡಬೇಕಾಯಿತು. ಬಂಗಾಳದಲ್ಲಿ ಪ್ರವಾಹದ ದಿನಗಳಲ್ಲಿ ನದಿಗೆ ಕೊಳವೆಯಾಕಾರದ ಬಲೆಯೊಡ್ಡಿ ಮರಿಗಳನ್ನು ಹಿಡಿದು, ಮಣ್ಣಿನ ಮಡಕೆಗಳಲ್ಲಿ ತುಂಬಿ ರೈಲಿನಲ್ಲಿ ದೂರದೂರಕ್ಕೆ ಕಳಿಸುತ್ತಿದ್ದರು. ನೀರಿಗೆ ಗಾಳಿ ಬೆರೆಯಲೆಂದು ಆಳುಗಳು ಮಡಕೆಯನ್ನು ಕುಲುಕುತ್ತಲೇ ಇರಬೇಕಾಗಿತ್ತು. ದಾರಿಯಲ್ಲಿ ಎಷ್ಟೋ ಮರಿ ಸಾಯುತ್ತಿದ್ದವು. ಉಳಿದವುಗಳ ಜೊತೆ ಇತರ ಮೀನನ್ನು ತಿನ್ನುವ ಜಾತಿಯ ಮರಿಗಳೂ ಸೇರಿಕೊಂಡಿರುತ್ತಿದ್ದವು.

ಈ ತೊಡಕು ಬಿಡಿಸಿದ ದಿನ 1957ರ ಜುಲೈ 10. ಒರಿಸ್ಸಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಜಿ ಎಂಬ ವಿಜ್ಞಾನಿಗಳು ಬೇರೆ ಮೀನಿನ ತಲೆಯೊಳಗಿನ ಪುಟ್ಟ ಪಿಟ್ಯುಟರಿ ಗ್ರಂಥಿಯನ್ನು ಅರೆದು, ಅದರ ರಸವನ್ನು ಬಲಿತ ಮೀನುಗಳಿಗೆ ಚುಚ್ಚಿ, ನಿಂತ ನೀರಿನಲ್ಲೇ ಮೊಟ್ಟೆಯಿಡಿಸಿದರು. ಆ ನೆನಪಿಗಾಗಿಯೇ ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿದೆ. ಮುಂದೆ ಗುಂಡನೆಯ ತೊಟ್ಟಿಯಲ್ಲಿ ನೀರನ್ನು ಸುತ್ತಿಸಿ, ಮೀನಿಗೆ ಹೊಳೆಯ ಭ್ರಮೆ ಹುಟ್ಟಿಸುವ ಮರಿಕೇಂದ್ರಗಳೂ ಬಂದವು. ಹೊಳೆಯ ಮೀನು ಊರೂರಿನ ಕೆರೆ ಸೇರಿದ್ದು ಹೀಗೆ.

ಇದರಿಂದಾದ ಒಳ್ಳೆಯದನ್ನು ಮರೆಯಬಾರದು. ಕಾಟ್ಲ ಮೇಲಿನ ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದೇ ಕೆರೆಯಲ್ಲಿ ಮೂರು ಬೆಳೆ ತೆಗೆದಂತೆ. ಚೆನ್ನಾಗಿ ಮೇವು ಸಿಕ್ಕರೆ ವರ್ಷದಲ್ಲಿ ಒಂದು ಕಿಲೋ ತೂಗುವುದುಂಟು. ಸಮುದ್ರ ದೂರವಿರುವ ಊರುಗಳಿಗೆ ತಾಜಾ ಮೀನು ಸಿಕ್ಕಿತು, ಮೀನುಗಾರರ ಸಹಕಾರ ಸಂಘಗಳಿಗೆ ಕಸುಬು ಸಿಕ್ಕಿತು.

ನನ್ನ ತಕರಾರು ಹೊಳೆಯ ಮೀನಿನ ಮೇಲಲ್ಲ, ಅದಕ್ಕಾಗಿ ಮನೆ ಖಾಲಿ ಮಾಡಿಸುವ ರೀತಿಯ ಮೇಲೆ. ಮೀನು ಸಾಕಣೆಯ ಪುಸ್ತಕಗಳಲ್ಲಿ ಪಕ್ಕೆಯಂಥ ಸಣ್ಣ ಮೀನುಗಳಿಗೆ 'ಕಳೆ ಮೀನು' ಎಂದು ಹೆಸರು. ಮರಿ ಬಿಡುವ ಮೊದಲು ಕೊಳಕ್ಕೆ ಹಿಪ್ಪೆ ಹಿಂಡಿ ಹಾಕಿ ಅವನ್ನು ಕೊಲ್ಲಬೇಕೆಂದು ವಿಧಿ. ಕಳೆಯೆಂದರೆ ಯಾರಿಗೆ ಕಳೆ? ಹೊಲದ ಯಜಮಾನನಿಗೆ ಕಳೆಯಾದ ಹೊನಗೊನ್ನೆ, ಗಣಿಕೆ, ಅಣ್ಣೆಗಳು ನಮ್ಮ ಅಮ್ಮಂದಿರಿಗೆ ಬೆರಕೆ ಸೊಪ್ಪಾಗಿದ್ದವು. ಸಣ್ಣ ಮೀನೂ ಹಾಗೆಯೇ. ಮುಳ್ಳುಸಹಿತ ತಿನ್ನುವ ಮೀನಿನಿಂದ ಸಿಗುವ ಸುಣ್ಣದಂಶ ದೊಡ್ಡ ಮೀನಿನ ತುಂಡಿನಿಂದ ಸಿಗುವುದಿಲ್ಲ. ಬಸುರಿ ಬಾಣಂತಿಯರಿಗೆ, ಬೆಳೆಯುವ ಮಕ್ಕಳಿಗೆ ಬೇಕಾದದ್ದು ಅದೇ. ಜೊತೆಗೆ, ಕೆರೆ ಗುತ್ತಿಗೆಗೆ ಹೋದ ಮೇಲೆ ಸೀರೆ ಒಡ್ಡಿ ಗೋರುವಾಕೆ ಕಳ್ಳಿಯೆನಿಸಿಕೊಳ್ಳುತ್ತಾಳೆ. ಪುಕ್ಕಟೆ ಸಿಗುತ್ತಿದ್ದ ಸಾರಿಗೆ ಈಗ ತಕ್ಕಡಿ ಬಂದಿದೆ.

ಇನ್ನೊಂದು ಮಾತು. ಕೆರೆಯಲ್ಲಿ ಮರಿ ಮಾಡದಿರುವುದು ಹೊಳೆಮೀನಿನ ದೋಷವೆಂದು ತೋರಿದರೂ ಒಂದು ರೀತಿಯಲ್ಲಿ ಅದೇ ಕ್ಷೇಮ. 1952ರಲ್ಲಿ ನಮ್ಮ ದೇಶಕ್ಕೆ ಬಂದ ತಿಲಾಪಿಯ ನಿಂತ ನೀರಿನಲ್ಲೇ ಮರಿ ಹಾಕಿ ಹಾಕಿ ಎಷ್ಟೋ ಕೆರೆಗಳನ್ನು ತುಂಬಿಬಿಟ್ಟಿತು. ಅದನ್ನಿನ್ನು ಹೊರಗೆ ಕಳಿಸುವ ಉಪಾಯವಿಲ್ಲ. ಕಾಟ್ಲ, ರೋಹುಗಳಾದರೋ ನಾವು ಬಿಡುವುದನ್ನು ನಿಲ್ಲಿಸಿದರೆ ಕೆರೆಯಿಂದ ತಾವಾಗಿಯೇ ಮುಗಿಯುತ್ತವೆ. ಆದರೆ ಕೋಡಿ ಬಿದ್ದ ವರ್ಷ ಇವು ಹೊಳೆಗೆ ಇಳಿಯುತ್ತವೆ. ಅಲ್ಲಿ ಇವಕ್ಕೆ ಬೇಕಾದ ಹರಿವು ಇದೆ. ಕಾವೇರಿಯಲ್ಲಿ ಇವು ಈಗಾಗಲೇ ನೆಲೆಯೂರಿವೆ.

ಆದ್ದರಿಂದ, ಹೊಳೆಯ ಮೀನನ್ನು ಕೆರೆಗೆ ಬಿಡಬಹುದೆ ಎಂದರೆ ಬಿಡಬಹುದು ಎನ್ನುತ್ತೇನೆ. ಆದರೆ ಊರೊಟ್ಟಿನ ಕೆರೆಗೆ ಹಿಂಡಿಯ ವಿಷ ಬೇಡ. ಸಣ್ಣ ಮೀನು ಉಳಿಯಲಿ. ಕೋಡಿಗೆ ಜಾಲರಿ ಇರಲಿ. ಗುತ್ತಿಗೆಯ ಕಾಗದದಲ್ಲಿ ಒಂದು ಸಾಲು ಸೇರಲಿ: ದೊಡ್ಡ ಮೀನು ಗುತ್ತಿಗೆದಾರನದು, ಅಂಚಿನ ಸಣ್ಣ ಮೀನು ಊರ ಹೆಂಗಸರದು. ಪಂಚಾಯಿತಿಯಲ್ಲಿ ಈಗ ನಮ್ಮ ಹೆಣ್ಣುಮಕ್ಕಳೂ ಕೂರುತ್ತಾರೆ. ಕೆರೆಯ ಹರಾಜು ಕೂಗುವ ದಿನ ಅವರು ಈ ಮಾತೆತ್ತಿದರೆ ಸಾಕು.