‘ಅರಿ’ ಶಬ್ದದ ಅರಿವು

ವಚನಗಳನ್ನು ಓದುವವರಿಗೆ ‘ಅರಿ’ ಎಂಬ ಎರಡಕ್ಷರದ ಶಬ್ದವು ಅತಿ ಪರಿಚಿತವಾದುದು. ಅರಿವು-ಮರೆವುಗಳ ಜೋಡಿಯಿಲ್ಲದೆ ಶರಣರ ತತ್ತ್ವವಿಚಾರವೇ ನಿಲ್ಲದು. ಆದರೆ ಅದೇ ಓದುಗನು ಪ್ರವಚನದಲ್ಲಿ ‘ಅರಿಷಡ್ವರ್ಗ’ವೆಂಬುದನ್ನೂ ಕೇಳುತ್ತಾನೆ; ಶಿವನನ್ನು ‘ಪುರಾರಿ’ಯೆಂದೂ ಸ್ತುತಿಸುತ್ತಾನೆ. ಅಲ್ಲಿ ಅರಿಯೆಂದರೆ ಶತ್ರು. ಒಂದೆಡೆ ಜ್ಞಾನ, ಇನ್ನೊಂದೆಡೆ ಹಗೆ. ಒಂದೇ ಶಬ್ದವು ಇಷ್ಟು ದೂರದ ಅರ್ಥಗಳನ್ನು ತಾಳಿದುದು ಹೇಗೆ? ಇದು ಒಂದೇ ಶಬ್ದವಲ್ಲ, ಒಂದೇ ಧ್ವನಿಯಲ್ಲಿ ಬಂದು ಸೇರಿದ ಹಲವು ಶಬ್ದಗಳು ಎಂಬುದೇ ಇದಕ್ಕೆ ಉತ್ತರ.

ಮೊದಲು ಕನ್ನಡವನ್ನೇ ನೋಡಬಹುದು. ‘ತಿಳಿ’ ಎಂಬರ್ಥದ ಧಾತುವು ಹಳಗನ್ನಡದಲ್ಲಿ ‘ಅಱಿ’, ಅದರಲ್ಲಿರುವುದು ಶಕಟರೇಫ. ತಮಿಳು, ಮಲಯಾಳಗಳಲ್ಲಿಯೂ ಅದಕ್ಕೆ ಇದೇ ಱಕಾರ; ತೆಲುಗಿನ ‘ಎಱುಗು’ ಅದರ ಸೋದರರೂಪ. ‘ಕತ್ತರಿಸು’ ಎಂಬರ್ಥದ ‘ಅರಿ’ ಬೇರೆ ಧಾತು. ಅದರಲ್ಲಿರುವುದು ಸಾಮಾನ್ಯ ರೇಫ. ಒಕ್ಕಲಿಗನು ಕೊಯ್ದು ಹಾಕಿದ ಪೈರಿನ ಹಿಡಿಗೆ ‘ಅರಿ’ ಎನ್ನುವುದು ಇದರಿಂದಲೇ. ಅಸಾಧ್ಯ, ದುರ್ಲಭ ಎಂಬರ್ಥದ ‘ಅರಿದು’ ಮೂರನೆಯದು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಱಕಾರವನ್ನು ದೇಶೀಯ ಅಕ್ಷರಗಳಲ್ಲಿ ಎಣಿಸಿದ್ದಾನೆ. ಕಾಲಕ್ರಮದಲ್ಲಿ ನಾಲಗೆಯ ಮೇಲೆ ಆ ಭೇದ ಅಳಿಯಿತು. ಬರವಣಿಗೆಯಲ್ಲಿಯೂ ಱಕಾರದ ಸ್ಥಾನಕ್ಕೆ ರಕಾರವೇ ಬಂದಿತು. ಮೂರು ಬೇರುಗಳ ಮೇಲೆ ಒಂದೇ ತೊಗಟೆ ಬೆಳೆದಂತಾಯಿತು.

ಶತ್ರುವಾಚಕವಾದ ‘ಅರಿ’ ಸಂಸ್ಕೃತದಿಂದ ಬಂದುದು. ಅದಕ್ಕೂ ಒಂದು ಇತಿಹಾಸವುಂಟು. ಋಗ್ವೇದದಲ್ಲಿ ಈ ಶಬ್ದಕ್ಕೆ ಎಲ್ಲೆಡೆಯೂ ‘ಹಗೆ’ ಎಂಬ ಅರ್ಥ ಹೊಂದದು. ಜರ್ಮನ್ ವಿದ್ವಾಂಸ ಪೌಲ್ ಟೀಮೆ 1938ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅದರ ಮೂಲಾರ್ಥ ‘ಪರಸ್ಥಳದವನು’ ಎಂದು ವಾದಿಸಿದನು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಆದರೆ ಇಂಥ ಅರ್ಥಾಂತರ ಅಪೂರ್ವವಲ್ಲ. ಲ್ಯಾಟಿನ್ನಿನ ‘ಹೋಸ್ಟಿಸ್’ ಮೊದಲು ಪರಕೀಯನನ್ನು ಸೂಚಿಸಿ, ಅನಂತರ ಶತ್ರುವನ್ನು ಸೂಚಿಸಿತು. ಅದೇ ಮೂಲದಿಂದ ಬಂದ ಇಂಗ್ಲಿಷಿನ ‘ಗೆಸ್ಟ್’ ಅತಿಥಿಯಾಗಿಯೇ ಉಳಿಯಿತು. ಬಾಗಿಲಿಗೆ ಬಂದ ಅಪರಿಚಿತನನ್ನು ಒಂದು ಸಮಾಜ ಹೇಗೆ ಕಂಡಿತೆಂಬುದು ಶಬ್ದದಲ್ಲಿ ಹೀಗೆ ಉಳಿದುಕೊಳ್ಳುತ್ತದೆ.

ನೆರೆಯ ತುಳುವಿನಲ್ಲಿಯೂ ಮಲಯಾಳದಲ್ಲಿಯೂ ‘ಅರಿ’ಯೆಂದರೆ ಅಕ್ಕಿ, ತಮಿಳಿನಲ್ಲಿ ಅದು ‘ಅರಿಶಿ’. ಬರೋ ಮತ್ತು ಎಮಿನೊ ಅವರ ದ್ರಾವಿಡ ವ್ಯುತ್ಪತ್ತಿಕೋಶದ 1984ರ ಆವೃತ್ತಿಯು ಕನ್ನಡದ ‘ಅಕ್ಕಿ’ಯನ್ನೂ ಇದೇ ಗುಂಪಿನಲ್ಲಿರಿಸಿದೆ. ಕಿವಿಗೆ ಒಂದೇ ಆಗಿ ಕೇಳುವ ಕನ್ನಡದ ‘ಅರಿ’ಗೂ ತುಳುವಿನ ಈ ‘ಅರಿ’ಗೂ ಹೀಗೆ ನಂಟಿಲ್ಲ, ದೂರವೆಂದು ತೋರುವ ‘ಅಕ್ಕಿ’ಯೇ ಅದರ ಬಂಧು.

ಇನ್ನು ಹೊರನಾಡುಗಳಿಗೆ ಹೋದರೆ ಹೀಬ್ರೂವಿನಲ್ಲಿ ‘ಅರಿ’ಯೆಂದರೆ ಸಿಂಹ, ದೇವರ ಸಿಂಹವೆಂಬರ್ಥದ ‘ಅರಿಯೇಲ್’ ಎಂಬ ಹೆಸರಿನಲ್ಲಿ ಅದು ಅಡಗಿದೆ. ಜಪಾನೀ ಭಾಷೆಯಲ್ಲಿ ಇರುವೆ. ಆರ್ಮೇನಿಯನ್ನಿನಲ್ಲಿ ‘ಧೀರ’ ಎಂದೂ ‘ಬಾ’ ಎಂದೂ ಅರ್ಥ. ತುರ್ಕಿಯಲ್ಲಿ, ಕೊನೆಯ ಸ್ವರ ತುಸು ಬೇರೆಯಾದರೂ, ಜೇನುನೊಣಕ್ಕೂ ‘ಶುದ್ಧ’ ಎಂಬುದಕ್ಕೂ ಇದೇ ಬಗೆಯ ಶಬ್ದವುಂಟು. ಇವುಗಳಲ್ಲಿ ಸಂಬಂಧವನ್ನು ಹುಡುಕುವುದು ವ್ಯರ್ಥಶ್ರಮ. ಮನುಷ್ಯನ ಬಾಯಿ ನುಡಿಯುವ ಧ್ವನಿಗಳು ಮಿತವಾಗಿರುವುದರಿಂದ ಕಿರಿಯ ಶಬ್ದಗಳು ಹೀಗೆ ಎದುರುಬದುರಾಗುವುದು ಸಹಜ.

ಈ ವಿಚಾರವು ಕೇವಲ ಪಂಡಿತರ ಕುತೂಹಲವಲ್ಲ. ವಚನಗಳ ಮುದ್ರಿತ ಪಾಠದಲ್ಲಿ ‘ಅರಿದು’ ಎಂದು ಕಂಡಾಗ ಅದು ‘ತಿಳಿದು’ ಎಂದಾಗಬಹುದು, ‘ಕತ್ತರಿಸಿ’ ಎಂದಾಗಬಹುದು, ‘ಅಸಾಧ್ಯ’ ಎಂದೂ ಆಗಬಹುದು. ‘ಅರಿದು ನಡೆ’ ಎನ್ನುವಲ್ಲಿ ತಿಳಿವು. ‘ಶಿರವನರಿದು’ ಎನ್ನುವಲ್ಲಿ ಕಡಿತ. ‘ಈ ಸಾಧನೆ ಅರಿದು’ ಎನ್ನುವಲ್ಲಿ ದುರ್ಲಭತೆ. ಒಂದರ ಬದಲು ಇನ್ನೊಂದನ್ನು ಹಿಡಿದರೆ, ಪರವಸ್ತುವನ್ನು ತಿಳಿಯುವುದು ಅಸಾಧ್ಯವೆಂದವನ ಬಾಯಲ್ಲಿ ‘ತಿಳಿದೆನು’ ಎಂಬ ಅಹಂಕಾರವನ್ನು ಇಟ್ಟಂತಾಗುತ್ತದೆ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲ್ ನಿಘಂಟಿನಲ್ಲಿ ಱಕಾರವು ಪ್ರತ್ಯೇಕವಾಗಿಯೇ ಉಳಿದಿದೆ. ಸಂದೇಹ ಬಂದಲ್ಲಿ ವಿದ್ಯಾರ್ಥಿಯು ಅದನ್ನೊಮ್ಮೆ ತೆರೆದು ನೋಡಿ, ವಾಕ್ಯದ ಹಿಂದುಮುಂದನ್ನು ವಿಚಾರಿಸಿ, ಬಳಿಕವೇ ಅರ್ಥವನ್ನು ನಿರ್ಣಯಿಸುವುದು ಲೇಸು.