ದಾಳ, ಧೂಳು, ಬೀಜಸಂಖ್ಯೆ: ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಗ್ರಹವ್ಯವಸ್ಥೆ ರಚನೆಯ ಚರಿತ್ರೆ

1. ಪ್ರಸ್ತಾವನೆ

ಮೇಜಿನ ಸುತ್ತ ನಾಲ್ಕೈದು ಜನ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು, ದಾಳ ಉರುಳಿಸುತ್ತ ಮಾತಿನಲ್ಲೇ ಕಥೆ ಬೆಳೆಸುವ ಆಟಗಳಿಗೆ ರೋಲ್‌ಪ್ಲೇಯಿಂಗ್ ಆಟಗಳೆಂದು ಹೆಸರು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಪ್ರಕಾರಕ್ಕೆ ಬುನಾದಿ ಹಾಕಿತು. ಪಾತ್ರಗಳು ಎತ್ತ ಹೆಜ್ಜೆ ಇಟ್ಟರೂ ಅಲ್ಲೊಂದು ಲೋಕ ಸಿದ್ಧವಿರಬೇಕು. ಕೋಟೆ, ಕಾಡು, ನೆಲಮಾಳಿಗೆಗಳಾದರೆ ಆಟದ ನಿರ್ವಾಹಕರು ಮೊದಲೇ ಬರೆದಿಟ್ಟುಕೊಳ್ಳಬಹುದು. ಕಥೆ ಅಂತರಿಕ್ಷಕ್ಕೆ ಏರಿದರೆ ಆ ಕೆಲಸ ಕೈಮೀರುತ್ತದೆ: ನೂರಾರು ನಕ್ಷತ್ರಗಳು, ಪ್ರತಿಯೊಂದಕ್ಕೂ ಗ್ರಹಗಳು, ಅವುಗಳ ಗಾಳಿ, ನೀರು, ಜನ, ಆಳ್ವಿಕೆ. ಇಷ್ಟನ್ನೂ ನಿಯಮಗಳ ಮೂಲಕ ಹುಟ್ಟಿಸುವ ಪ್ರಯತ್ನ ಮೊದಲು ದಾಳದಲ್ಲಿ, ಆಮೇಲೆ ಸಾಫ್ಟ್‌ವೇರಿನಲ್ಲಿ ನಡೆಯಿತು. ಇಂಥ ಪ್ರತಿಯೊಂದು ಸಾಧನವೂ ತನ್ನ ಕಾಲದ ಖಗೋಳವಿಜ್ಞಾನದ ನಂಬಿಕೆಗಳನ್ನು, ಅದನ್ನು ಕಟ್ಟಿದವರ ಅರಿವಿಗೆ ಬಂದೋ ಬಾರದೆಯೋ, ದಾಖಲಿಸಿಟ್ಟಿದೆ ಎಂಬುದನ್ನು ಈ ಲೇಖನ ತೋರಿಸಬಯಸುತ್ತದೆ.

2. ಎರಡು ದಾಳಗಳ ವಿಶ್ವ

ಮಾರ್ಕ್ ಮಿಲ್ಲರ್ ರೂಪಿಸಿದ ‘ಟ್ರಾವೆಲರ್’ ಆಟವನ್ನು 1977ರಲ್ಲಿ ಇಲಿನಾಯ್ ರಾಜ್ಯದ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ ಪ್ರಕಟಿಸಿತು. ಅದರ ಮೂರು ಕಿರುಪುಸ್ತಕಗಳಲ್ಲಿ ಕೊನೆಯದು ಲೋಕಗಳನ್ನು ರಚಿಸುವ ವಿಧಾನವನ್ನು ವಿವರಿಸುತ್ತದೆ. ನಕ್ಷೆಯಲ್ಲಿ 8 ಸಾಲು, 10 ಮನೆಗಳಂತೆ 80 ಷಟ್ಕೋನಗಳು. ಒಂದೊಂದೂ ಒಂದು ಪಾರ್ಸೆಕ್, ಅಂದರೆ ಸುಮಾರು 3.26 ಜ್ಯೋತಿರ್ವರ್ಷ. ಪ್ರತಿ ಮನೆಗೂ ದಾಳ ಹಾಕಬೇಕು. 4, 5 ಅಥವಾ 6 ಬಿದ್ದರೆ ಅಲ್ಲೊಂದು ಲೋಕವಿದೆ. ಬಳಿಕ ಬಾಹ್ಯಾಕಾಶ ನಿಲ್ದಾಣ, ಗಾತ್ರ, ವಾತಾವರಣ, ನೀರು, ಜನಸಂಖ್ಯೆ, ಸರ್ಕಾರ, ಕಾನೂನಿನ ಬಿಗಿ, ತಂತ್ರಜ್ಞಾನದ ಮಟ್ಟ ಎಂಬ ಎಂಟು ಗುಣಗಳಿಗೆ ಒಂದೊಂದು ಎಸೆತ. ಫಲಿತಾಂಶಗಳನ್ನು ಸಾಲಾಗಿ ಬರೆದರೆ ಇಡೀ ಲೋಕದ ವಿವರ ಒಂದು ಪುಟ್ಟ ಸಂಕೇತದಲ್ಲಿ ಅಡಕವಾಗುತ್ತದೆ.

ಗಾತ್ರಕ್ಕೆ ಎರಡು ದಾಳಗಳ ಮೊತ್ತದಿಂದ 2 ಕಳೆಯಬೇಕು. ಬಂದ ಅಂಕಿ ಗ್ರಹದ ವ್ಯಾಸ ಎಷ್ಟು ಸಾವಿರ ಮೈಲಿ ಎಂಬುದನ್ನು ಹೇಳುತ್ತದೆ. ಭೂಮಿಯ ಅಂಕಿ 8. ಅದು ಬೀಳಬೇಕಾದರೆ ದಾಳಗಳ ಮೊತ್ತ 10 ಆಗಬೇಕು. 36 ಸಾಧ್ಯತೆಗಳಲ್ಲಿ 3 ಮಾತ್ರ ಹಾಗಿವೆ. ವಾತಾವರಣದ ಲೆಕ್ಕದಲ್ಲಿ ಗಾತ್ರವೂ ಸೇರುತ್ತದೆ. ಸಣ್ಣ ಗ್ರಹ ಗಾಳಿಯನ್ನು ಹಿಡಿದಿಟ್ಟುಕೊಳ್ಳಲಾರದು ಎಂಬ ಭೌತವಿಜ್ಞಾನ ಹೀಗೆ ಒಂದು ಸರಳ ಕೂಡುಲೆಕ್ಕವಾಗಿ ಆಟದೊಳಗೆ ಬಂದಿತು. ಜನಸಂಖ್ಯೆಗೆ ಮಾತ್ರ ಯಾವ ನಂಟೂ ಇಲ್ಲ. ಗಾಳಿಯೇ ಇಲ್ಲದ ಬಂಡೆಯ ಮೇಲೂ ನೂರಾರು ಕೋಟಿ ಜನ ನೆಲೆಸುವ ಸಂಭವ, ಹಚ್ಚಹಸಿರು ಗ್ರಹಕ್ಕಿರುವಷ್ಟೇ, ಹನ್ನೆರಡರಲ್ಲಿ ಒಂದು.

ಇದನ್ನು ದೋಷವೆಂದು ತಳ್ಳಿಹಾಕುವುದು ಸುಲಭ. ಆದರೆ ಅಷ್ಟು ಜನ ಅಲ್ಲಿ ಏಕಿದ್ದಾರೆ ಎಂದು ನಿರ್ವಾಹಕರು ಯೋಚಿಸಲೇಬೇಕಾಗುತ್ತದೆ. ಗಣಿಯೋ, ಗಡೀಪಾರೋ, ಧರ್ಮಶ್ರದ್ಧೆಯೋ, ಏನಾದರೊಂದು ಕಾರಣ ಹುಟ್ಟುತ್ತದೆ. ಕಾರಣದ ಬೆನ್ನಿಗೆ ಕಥೆ ಬರುತ್ತದೆ. ಖಗೋಳಜ್ಞರಿಗೆ ಬೇಕಾದ ಸಂಭಾವ್ಯತೆ ಒಂದು ಕಡೆ, ಕಥೆಗಾರರಿಗೆ ಬೇಕಾದ ವೈಚಿತ್ರ್ಯ ಇನ್ನೊಂದು ಕಡೆ. ಈ ಎಳೆದಾಟ ಮುಂದಿನ ಎಲ್ಲ ಸಾಧನಗಳಲ್ಲೂ ಕಾಣುತ್ತದೆ.

1983ರಲ್ಲಿ ಬಂದ ‘ಸ್ಕೌಟ್ಸ್’ ಎಂಬ ಆರನೇ ಪುಸ್ತಕ ಒಂದೇ ಲೋಕಕ್ಕೆ ಬದಲಾಗಿ ಇಡೀ ನಕ್ಷತ್ರವ್ಯೂಹವನ್ನು ರಚಿಸಲು ಹೊರಟಿತು. ನಕ್ಷತ್ರದ ರೋಹಿತ ವರ್ಗ, ಜೋಡಿ ನಕ್ಷತ್ರಗಳು, ಅನಿಲ ದೈತ್ಯಗಳು, ಉಪಗ್ರಹಗಳು ಎಲ್ಲಕ್ಕೂ ಅದರಲ್ಲಿ ಕೋಷ್ಟಕಗಳಿವೆ. ಅದರ ಕಕ್ಷೆಗಳ ದೂರವನ್ನು ಗಮನಿಸಬೇಕು: 0.4, 0.7, 1.0, 1.6, 2.8, 5.2, 10.0, 19.6, 38.8 ಖಗೋಳಮಾನ (ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರವೇ ಒಂದು ಖಗೋಳಮಾನ). ಇದು 18ನೇ ಶತಮಾನದ ಟೀಷಿಯಸ್–ಬೋಡೆ ಸೂತ್ರದ ಸರಣಿ. 1781ರಲ್ಲಿ ಪತ್ತೆಯಾದ ಯುರೇನಸ್ 19.2ರಲ್ಲಿದ್ದು ಸೂತ್ರಕ್ಕೆ ಬಲ ಕೊಟ್ಟಿತು. 1846ರಲ್ಲಿ ಪತ್ತೆಯಾದ ನೆಪ್ಚೂನ್ ಸುಮಾರು 30ರಲ್ಲಿದ್ದು ಸೂತ್ರವನ್ನು ಮುರಿಯಿತು. ನಮ್ಮ ಸೂರ್ಯನ ಸುತ್ತಲೇ ಸೋತ ಸೂತ್ರ ಆಟದಲ್ಲಿ ಎಲ್ಲ ಸೂರ್ಯರಿಗೂ ಕಟ್ಟಳೆಯಾಯಿತು.

3. ಧೂಳಿನಿಂದ ಗ್ರಹ: ಡೋಲ್ ಪರಂಪರೆ

ಎರಡನೆಯ ಧಾರೆ ಆಟದ ಹೊರಗೆ ಹುಟ್ಟಿತು. ರ‍್ಯಾಂಡ್ ಸಂಸ್ಥೆಯ ಸ್ಟೀಫನ್ ಡೋಲ್ 1964ರಲ್ಲಿ ಮನುಷ್ಯವಾಸಕ್ಕೆ ತಕ್ಕ ಗ್ರಹಗಳ ಕುರಿತು ಪುಸ್ತಕ ಬರೆದರು. 1970ರಲ್ಲಿ ‘ಇಕಾರಸ್’ ಪತ್ರಿಕೆಯಲ್ಲಿ ಗ್ರಹವ್ಯವಸ್ಥೆಯ ಉಗಮವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ವಿಧಾನ ಪ್ರಕಟಿಸಿದರು. ನಕ್ಷತ್ರದ ಸುತ್ತಲಿನ ಧೂಳು ಮತ್ತು ಅನಿಲದ ಮೋಡದೊಳಕ್ಕೆ ಒಂದೊಂದಾಗಿ ಬೀಜಕಣಗಳನ್ನು ಯಾದೃಚ್ಛಿಕ ಕಕ್ಷೆಗಳಲ್ಲಿ ಬಿಡುವುದು. ಕಣ ತನ್ನ ದಾರಿಯ ಧೂಳನ್ನು ಬಾಚಿಕೊಂಡು ಬೆಳೆಯುತ್ತದೆ. ನಿರ್ಣಾಯಕ ರಾಶಿ ದಾಟಿದರೆ ಅನಿಲವನ್ನೂ ಸೆಳೆಯುತ್ತದೆ. ಎರಡರ ದಾರಿ ಒಂದಕ್ಕೊಂದು ಅಡ್ಡಬಂದರೆ ಅವು ಕೂಡಿಕೊಳ್ಳುತ್ತವೆ. ಧೂಳು ಮುಗಿದಾಗ ಪ್ರೋಗ್ರಾಂ ನಿಲ್ಲುತ್ತದೆ. ಒಳಗೆ ಸಣ್ಣ ಕಲ್ಲುಗ್ರಹಗಳು, ನಡುವೆ ಅನಿಲ ದೈತ್ಯಗಳು: ನಮ್ಮ ಸೌರವ್ಯೂಹವನ್ನೇ ಹೋಲುವ ಚಿತ್ರಗಳು ಮತ್ತೆ ಮತ್ತೆ ಬಂದವು. 1977ರಲ್ಲಿ ರಿಚರ್ಡ್ ಐಸಾಕ್‌ಮನ್ ಮತ್ತು ಕಾರ್ಲ್ ಸಾಗನ್ ಇದೇ ಮಾದರಿಯ ಆರಂಭಿಕ ಮೌಲ್ಯಗಳನ್ನು ಬದಲಿಸಿ ನೋಡಿದಾಗ ತೀರಾ ಬೇರೆ ಬಗೆಯ ವ್ಯವಸ್ಥೆಗಳೂ ಹುಟ್ಟಿದವು. ಹೋಲಿಕೆಯ ಹಿಂದೆ ನಿಸರ್ಗದಷ್ಟೇ ಆಯ್ದ ಮೌಲ್ಯಗಳ ಕೈವಾಡವೂ ಇತ್ತು.

1985ರಲ್ಲಿ ಮಾರ್ಟಿನ್ ಫಾಗ್ ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿಯ ಪತ್ರಿಕೆಯಲ್ಲಿ ಮೈಕ್ರೋಕಂಪ್ಯೂಟರಿಗೆ ತಕ್ಕ ರೂಪಾಂತರ ಪ್ರಕಟಿಸಿದರು. 1988ರ ಹೊತ್ತಿಗೆ ಮ್ಯಾಟ್ ಬರ್ಡಿಕ್ ಅದನ್ನು ಸಿ ಭಾಷೆಯಲ್ಲಿ ಬರೆದು ಹಂಚಿದರು. ಜಿಮ್ ಬರೋಸ್ ಅವರ ‘ಸ್ಟಾರ್‌ಜೆನ್’ ಅದೇ ವಂಶದ್ದು. ಸಂಶೋಧನಾ ಪತ್ರಿಕೆಯಲ್ಲಿದ್ದ ಮಾದರಿ ಹೀಗೆ ಹವ್ಯಾಸಿಗಳ ಕೈಗೆ, ಅಲ್ಲಿಂದ ಆಟದ ಮೇಜಿಗೆ ಬಂದಿತು.

4. ಬೀಜಸಂಖ್ಯೆಯ ಮಹತ್ವ

ಮೂರನೆಯ ಧಾರೆ ವಿಡಿಯೋ ಗೇಮಿನದು. 1984ರಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಬಿಬಿಸಿ ಮೈಕ್ರೋ ಯಂತ್ರಕ್ಕಾಗಿ ‘ಎಲೀಟ್’ ರಚಿಸಿದರು. ಯಂತ್ರದ ನೆನಪುಶಕ್ತಿ 32 ಕಿಲೋಬೈಟ್. ಆಟದಲ್ಲಿದ್ದವು 8 ಆಕಾಶಗಂಗೆಗಳು, ಒಂದೊಂದರಲ್ಲಿ 256 ವ್ಯವಸ್ಥೆಗಳು. ಯಾವುದನ್ನೂ ಸಂಗ್ರಹಿಸಿಟ್ಟಿರಲಿಲ್ಲ. ಆರು ಬೈಟಿನ ಬೀಜಸಂಖ್ಯೆಯಿಂದ ಫಿಬೊನಾಚಿ ಮಾದರಿಯ ಸರಣಿ ಹೊರಡಿಸಿ, ಬೇಕಾದಾಗ ಲೆಕ್ಕ ಹಾಕಿ ಪಡೆಯುತ್ತಿದ್ದರು. ಬೀಜ ಅದೇ ಆಗಿದ್ದರೆ ಲೋಕವೂ ಅದೇ.

ಆಟದ ಮೇಜಿಗೆ ಇದರಿಂದ ಸಿಗುವ ಪಾಠ ದೊಡ್ಡದು. ಒಂದೇ ಬೀಜದ ಸರಣಿಯಿಂದ ಎಲ್ಲವನ್ನೂ ತೆಗೆದರೆ, ನಿಯಮದಲ್ಲಿ ಒಂದು ಹೆಚ್ಚಿನ ಎಸೆತ ಸೇರಿಸಿದ ಕೂಡಲೇ ಮುಂದಿನ ಎಲ್ಲ ಲೋಕಗಳೂ ಬದಲಾಗುತ್ತವೆ. ಆಟಗಾರರು ಕಳೆದ ವಾರ ಇಳಿದ ಗ್ರಹ ಈ ವಾರ ಇರುವುದಿಲ್ಲ. ಆದ್ದರಿಂದ ಪ್ರತಿ ನಕ್ಷತ್ರದ ನಿರ್ದೇಶಾಂಕಗಳಿಂದಲೇ ಅದರ ಬೀಜವನ್ನು ಪಡೆಯುವುದು, ಕಕ್ಷೆ, ವಾತಾವರಣ, ಜನಸಂಖ್ಯೆಗಳಿಗೆ ಬೇರೆ ಬೇರೆ ಸರಣಿ ಇಡುವುದು ಸರಿಯಾದ ಕ್ರಮ.

5. 1995: ಕೋಷ್ಟಕಗಳು ಹಳತಾದ ವರ್ಷ

1995ರಲ್ಲಿ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೊ 51 ಪೆಗಾಸಿ ಎಂಬ ಸೂರ್ಯಸದೃಶ ನಕ್ಷತ್ರದ ಸುತ್ತ ಗ್ರಹವನ್ನು ಪತ್ತೆ ಮಾಡಿದರು. ಅದರ ರಾಶಿ ಕನಿಷ್ಠವೆಂದರೂ ಗುರುವಿನ ಸುಮಾರು ಅರ್ಧದಷ್ಟು. ಒಂದು ಸುತ್ತಿಗೆ ಹಿಡಿಯುವುದು 4.2 ದಿನ, ದೂರ 0.05 ಖಗೋಳಮಾನ. ಡೋಲ್ ತಮ್ಮ ಬೀಜಕಣಗಳನ್ನು ಬಿಡುತ್ತಿದ್ದುದು 0.3ರಿಂದ 50ರವರೆಗೆ. ಹೊಸ ಗ್ರಹ ಇದ್ದದ್ದು ಆ ಬೇಲಿಯ ಆಚೆ. 2009ರಿಂದ 2018ರವರೆಗೆ ದುಡಿದ ಕೆಪ್ಲರ್ ದೂರದರ್ಶಕ, ಭೂಮಿಗಿಂತ ದೊಡ್ಡದಾದ, ನೆಪ್ಚೂನಿಗಿಂತ ಚಿಕ್ಕದಾದ ಗ್ರಹಗಳೇ ಹೇರಳವೆಂದು ತೋರಿಸಿತು. ಆ ಗಾತ್ರದ ಒಂದು ಗ್ರಹವೂ ನಮ್ಮಲ್ಲಿಲ್ಲ. 2017ರಲ್ಲಿ ಏಳು ಗ್ರಹಗಳಿವೆಯೆಂದು ತಿಳಿದುಬಂದ ಟ್ರ್ಯಾಪಿಸ್ಟ್–1ರಲ್ಲಿ ಇಡೀ ಕುಟುಂಬ 0.07 ಖಗೋಳಮಾನದೊಳಗೇ ಇದೆ.

ಆಟಗಳು ಇದಕ್ಕೆ ಸ್ಪಂದಿಸಿದವು. ಜಾನ್ ಝೈಗ್ಲರ್ ಮತ್ತು ಜೇಮ್ಸ್ ಕ್ಯಾಂಬಿಯಸ್ ಬರೆದ 2006ರ ‘ಗರ್ಪ್ಸ್ ಸ್ಪೇಸ್’ ನಕ್ಷತ್ರದ ರಾಶಿ ಮತ್ತು ವಯಸ್ಸಿನಿಂದ ಲೆಕ್ಕ ಆರಂಭಿಸಿ, ಅನಿಲ ದೈತ್ಯಗಳು ಸಾಂಪ್ರದಾಯಿಕ ನೆಲೆಯಲ್ಲಿ, ದೀರ್ಘವೃತ್ತದ ಕಕ್ಷೆಯಲ್ಲಿ ಅಥವಾ ನಕ್ಷತ್ರಕ್ಕೆ ಅಂಟಿಕೊಂಡಂತೆ ಇರಬಹುದೆಂದು ವಿಂಗಡಿಸಿತು. ಜೀವಯೋಗ್ಯ ವಲಯದ ಲೆಕ್ಕವೂ ಹೀಗೆಯೇ ಬದಲಾಗುವಂಥದ್ದು. ಜೇಮ್ಸ್ ಕಾಸ್ಟಿಂಗ್ ತಂಡ 1993ರಲ್ಲಿ ಸೂರ್ಯನಿಗೆ ಕೊಟ್ಟ ಎಚ್ಚರಿಕೆಯ ಅಂದಾಜು 0.95ರಿಂದ 1.37 ಖಗೋಳಮಾನ. ಬೇರೆ ನಕ್ಷತ್ರಗಳಿಗೆ ಇದನ್ನು ಪ್ರಕಾಶದ ವರ್ಗಮೂಲದಿಂದ ಗುಣಿಸಿದರೆ ಸ್ಥೂಲ ಉತ್ತರ ಸಿಗುತ್ತದೆ. ಸೂರ್ಯನ ನೂರನೇ ಒಂದರಷ್ಟು ಪ್ರಕಾಶದ ಕೆಂಪು ಕುಬ್ಜಕ್ಕೆ ಆ ವಲಯ 0.1ರ ಆಸುಪಾಸಿಗೆ ಬರುತ್ತದೆ. ಸೂರ್ಯನ ನೆರೆಯ ನಕ್ಷತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಂಥ ಕೆಂಪು ಕುಬ್ಜಗಳೇ.

6. ಉಪಸಂಹಾರ

ಟ್ರಾವೆಲರ್‌ನ ಕೋಷ್ಟಕ, ಡೋಲ್‌ನ ಮೋಡ, ಎಲೀಟ್‌ನ ಬೀಜ ಮೂರೂ ಒಂದೊಂದು ಅಗತ್ಯವನ್ನು ಪೂರೈಸಿದವು: ಕಥೆ, ಕಾರ್ಯಕಾರಣ, ಪುನರಾವೃತ್ತಿ. ಮೊದಲೆರಡು ಸೋತದ್ದು ಒಂದೇ ಕಡೆ. ಸೌರವ್ಯೂಹವೆಂಬ ಒಂದೇ ನಿದರ್ಶನವನ್ನು ನಿಯಮವೆಂದು ಬಗೆದು, ಆ ಊಹೆಯನ್ನು ಕೋಷ್ಟಕದ, ಪ್ರೋಗ್ರಾಮಿನ ಸಾಲುಗಳ ನಡುವೆ ಹುದುಗಿಸಿದವು. ಇಂದು ಇಂಥ ಸಾಧನ ಕಟ್ಟುವವರು ಖಗೋಳದ ಅಂಕಿಗಳನ್ನು ಪ್ರೋಗ್ರಾಮಿನಿಂದ ಹೊರಗೆ, ಪ್ರತ್ಯೇಕ ಕಡತದಲ್ಲಿ, ಯಾವ ವರ್ಷದ ತಿಳಿವಳಿಕೆ ಎಂಬ ನಮೂದಿನೊಂದಿಗೆ ಇಡಬೇಕು. ಜೊತೆಗೆ, ಬಂದ ಫಲಿತಾಂಶವನ್ನು ಕೈಯಾರೆ ತಿದ್ದುವ ಅಧಿಕಾರ ನಿರ್ವಾಹಕರಿಗೆ ಇರಲೇಬೇಕು. ಮೊದಲನೆಯದಿಲ್ಲದ ಸಾಧನ ಮುಂದಿನ ಆವಿಷ್ಕಾರಕ್ಕೆ ಹಳತಾಗುತ್ತದೆ. ಎರಡನೆಯದಿಲ್ಲದ್ದು ಆಟಕ್ಕೆ ಒದಗುವುದಿಲ್ಲ.